ಸೊಂಟ ಹಿಡಿಯದ ಕೈತೋಟ: ನನ್ನ ಅನುಭವ

ಮೈಸೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ಏಳೆಂಟು ಪಾತಿಗಳೂ ತಾರಸಿಯ ಮೇಲೆ ಸುಮಾರು 40 ಗ್ರೋ ಬ್ಯಾಗುಗಳೂ (ಗಿಡ ಬೆಳೆಸುವ ಚೀಲಗಳು) ಇವೆ. ಅರವತ್ತು ದಾಟಿದ ಮೇಲೂ ಇಷ್ಟನ್ನು ಹೆಚ್ಚುಕಡಿಮೆ ಒಬ್ಬನೇ ನಿಭಾಯಿಸುತ್ತೇನೆ ಎಂದಾಗ ನಕ್ಕವರೇ ಹೆಚ್ಚು. ಎರಡು ವರ್ಷಗಳಿಂದ ನಾನು ನೋವಿನ ಮುಲಾಮನ್ನು ಮುಟ್ಟಿಲ್ಲ ಎಂಬುದು ಅವರಿಗೂ ತಿಳಿಯಲಿ.

ಮೊದಲು ದುಡ್ಡು ಹೋದ ದಾರಿಯನ್ನು ಹೇಳುತ್ತೇನೆ. ಸೊಂಟದ ಬೆಲ್ಟಿಗೆ 800 ರೂಪಾಯಿಯ ಆಸುಪಾಸು ಕೊಟ್ಟೆ. ಅದನ್ನು ಕಟ್ಟಿಕೊಂಡ ಧೈರ್ಯದಲ್ಲಿ ಇನ್ನಷ್ಟು ಹೊತ್ತು ಬಗ್ಗಿಯೇ ಇರುತ್ತಿದ್ದುದರಿಂದ, ಬಿಚ್ಚಿದ ಮೇಲೆ ನೋವು ದುಪ್ಪಟ್ಟಾಗುತ್ತಿತ್ತು. ಸುಮಾರು 2,000 ರೂಪಾಯಿ ತೆತ್ತು ತರಿಸಿದ ಮಡಚುವ ಸ್ಟೂಲಿನ ಕಾಲುಗಳು ಹಸಿ ಮಣ್ಣಿನಲ್ಲಿ ಹೂತು ವಾಲತೊಡಗಿದವು. ಕೊನೆಗೆ ಕೈಹಿಡಿದದ್ದು ಅಡುಗೆಮನೆಯ ಹಳೆಯ ಮಣೆ. ಅದಕ್ಕೆ ಅರ್ಧ ಅಡಿ ಎತ್ತರದ ಅಗಲವಾದ ಹಲಗೆಯ ಕಾಲುಗಳನ್ನು ಹೊಡೆಸಲು ಬಡಗಿ 150 ರೂಪಾಯಿ ತೆಗೆದುಕೊಂಡ.

ಆದರೆ ನೋವು ನಿಂತದ್ದು ಕೆಲಸದ ಸರದಿಯನ್ನು ಬದಲಾಯಿಸಿದ ಮೇಲೆಯೇ. ಹಿಡಿದ ಪಾತಿಯ ಕಳೆ ಮುಗಿಯುವ ತನಕ ನಾವ್ಯಾರೂ ಏಳುವವರಲ್ಲ. ಈಗ ನಾನು ಇಪ್ಪತ್ತು ನಿಮಿಷ ಮಣೆಯ ಮೇಲೆ ಕೂತು ಕಳೆ ಕೀಳುತ್ತೇನೆ, ಆಮೇಲೆ ನಿಂತು ಬಳ್ಳಿ ಕಟ್ಟುತ್ತೇನೆ, ಅದಾದ ಮೇಲೆ ಓಡಾಡುತ್ತ ನೀರು ಹಾಕುತ್ತೇನೆ; ಮೊಬೈಲಿನ ಅಲಾರಂ ಕೂಗಿದರೆ ಅರ್ಧ ಕಿತ್ತ ಗರಿಕೆಯನ್ನು ಅಲ್ಲಿಯೇ ಬಿಟ್ಟು ಏಳುತ್ತೇನೆ. "ಹೀಗಾದರೆ ಯಾವುದೂ ಮುಗಿಯುವುದಿಲ್ಲ ಬಿಡಿ" ಎಂದಿದ್ದ ನಮ್ಮ ಭಾವನವರು, ಕಳೆದ ಹಿಂಗಾರಿನಲ್ಲಿ ಅವರೆಕಾಯಿಯ ಚೀಲ ಹೊತ್ತು ಹೋಗುವಾಗ ಆ ಮಾತನ್ನು ಎತ್ತಲಿಲ್ಲ. ಇನ್ನೊಂದು ನಿಯಮವೆಂದರೆ, ಎದ್ದ ಮೊದಲ ಒಂದು ಗಂಟೆ ಬಗ್ಗುವ ಕೆಲಸ ಮಾಡುವುದಿಲ್ಲ. ರಾತ್ರಿಯೆಲ್ಲ ಮಲಗಿದಾಗ ಬೆನ್ನುಮೂಳೆಗಳ ನಡುವಿನ ಮೆತ್ತೆಗಳಾದ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ, ಆಗ ಬಗ್ಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. ಆ ಹೊತ್ತಿನಲ್ಲಿ ಹೂವು, ಕಾಯಿ ಬಿಡಿಸುತ್ತೇನೆ.

ಕಳೆ ಕೀಳುವ ಕುರ್ಪಿಯ ಹಿಡಿ ಸಣ್ಣದಾದಷ್ಟೂ ಅದನ್ನು ಬಿಗಿಯಾಗಿ ಅದುಮಬೇಕಾಗುತ್ತದೆ, ಹೆಬ್ಬೆರಳಿನ ಬುಡ ನೋಯುವುದು ಅದರಿಂದಲೇ. ಹಳೆಯ ಸೈಕಲ್ ಟ್ಯೂಬನ್ನು ಎರಡು ಬೆರಳಗಲದ ಪಟ್ಟಿಯಾಗಿ ಕತ್ತರಿಸಿ, ಎಳೆದೆಳೆದು ಎರಡು ಸುತ್ತು ಸುತ್ತಿದರೆ ಹಿಡಿ ದಪ್ಪವಾಗಿ, ಒದ್ದೆ ಕೈಯಲ್ಲಿಯೂ ಜಾರುವುದಿಲ್ಲ. ಗುದ್ದಲಿಗೆ ಎದೆಯ ಮಟ್ಟದ ಕಾವು (ಉದ್ದ ಹಿಡಿ) ಹಾಕಿಸಿದ್ದೇನೆ. ಬರೀ ಕಾವು ಉದ್ದವಾದರೆ ಸಾಲದು, ಅಲಗಿನ ಕೋನವನ್ನೂ ಕುಲುಮೆಯಲ್ಲಿ ಬಿಡಿಸಿ ಅಗಲ ಮಾಡಿಸಬೇಕು. ಎಷ್ಟು ಎಂಬುದು ಸದ್ಯಕ್ಕೆ ನನ್ನ ಮತ್ತು ಕುಲುಮೆಯವರ ನಡುವೆಯೇ ಇರಲಿ.

ತಾರಸಿಯಲ್ಲಿ ಭಾರವೇ ಶತ್ರು. ಒಂದಡಿ ಅಗಲ, ಒಂದಡಿ ಎತ್ತರದ ಬ್ಯಾಗಿಗೆ ಬರೀ ಮಣ್ಣು ತುಂಬಿ ನೀರು ಹಾಕಿದರೆ 30 ಕೆ.ಜಿ. ದಾಟುತ್ತದೆ. ನಾನು ತೆಂಗಿನ ನಾರಿನ ಪುಡಿ ಬೆರೆಸಿ ಅದನ್ನು ಅರ್ಧಕ್ಕೆ ಇಳಿಸಿದ್ದೇನೆ (ಅಳತೆ ಕೇಳಬೇಡಿ). ಬ್ಯಾಗುಗಳನ್ನು ಒಂದೂವರೆ ಅಡಿಯ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ, ತೊಲೆಗಳಿರುವ ಕಡೆ ನೋಡಿ ಇಟ್ಟಿದ್ದೇನೆ. ವೆಲ್ಡಿಂಗ್, ಬಣ್ಣ ಎಲ್ಲ ಸೇರಿ 9,000 ರೂಪಾಯಿಯಷ್ಟಾಯಿತು. ದುಬಾರಿಯೇ, ಆದರೆ ಬದನೆಗೂ ಮೆಣಸಿನ ಗಿಡಕ್ಕೂ ಈಗ ನಿಂತೇ ಆರೈಕೆ ಮಾಡಬಹುದು. ನೀರಿಗೆ 15 ಲೀಟರಿನ ಕೊಡದ ಬದಲು ಎರಡೂ ಕೈಯಲ್ಲಿ ಒಂದೊಂದು ಐದು ಲೀಟರಿನ ಕ್ಯಾನು ಹಿಡಿದು ಹೋಗುತ್ತೇನೆ.

ಕಳೆಯನ್ನೇ ತಪ್ಪಿಸೋಣವೆಂದು ಹಿತ್ತಲಿನ ಪಾತಿಗಳಿಗೆ ತರಗೆಲೆಯ ದಪ್ಪ ಹೊದಿಕೆ ಹಾಕಿ ನೋಡಿದೆ. ಬೇಸಿಗೆಯಲ್ಲಿ ಸೊಗಸಾಗಿತ್ತು; ಮಳೆ ಹಿಡಿದ ಮೇಲೆ ಅದರಡಿ ಬಸವನಹುಳುಗಳು ತುಂಬಿ ಎಳೆಯ ಹುರುಳಿಕಾಯಿ ಗಿಡಗಳನ್ನು ಬೋಳಿಸಿದವು, ಅವನ್ನು ಬಗ್ಗಿ ಬಗ್ಗಿ ಆರಿಸಿದ್ದಾಯಿತು. ಹೀರೆಯ ಚಪ್ಪರವನ್ನು ತೆಗೆದು ಬೇಲಿಯ ಹಾಗೆ ನಿಲ್ಲಿಸಿದ ಹಂದರ ಮಾತ್ರ ಗೆದ್ದಿತು: ಕಾಯಿ ಕೊಂಚ ಕಡಿಮೆ, ಆದರೆ ಕತ್ತೆತ್ತಿ, ಕೈಯೆತ್ತಿ ಹುಡುಕುವ ಕಷ್ಟವಿಲ್ಲ.

ಗೊಬ್ಬರದ ಗುಂಡಿ ತಿರುವುವುದಕ್ಕೆ ಮಾತ್ರ ಇನ್ನೂ ಉಪಾಯ ಸಿಕ್ಕಿಲ್ಲ; ವರ್ಷಕ್ಕೆ ಎರಡು ಸಲ ಆಳು ಕರೆಸಿ, 800 ರೂಪಾಯಿ ಕೊಟ್ಟು ಮಾಡಿಸುತ್ತೇನೆ.