ದಾವಣಗೆರೆಯಲ್ಲಿ ಹಳೇ ಕಡತದ ಮಾಹಿತಿ ಕೇಳುವ ಬಗೆ

ಕರ್ನಾಟಕ 2000ರಲ್ಲೇ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು. ಈಗ ಜಾರಿಯಲ್ಲಿರುವುದು ಕೇಂದ್ರದ 2005ರ ಕಾಯ್ದೆ. ಅದರ ಕಲಂ 4(1)(ಬಿ) ಪ್ರಕಾರ ಪ್ರತಿ ಕಚೇರಿಯೂ ಸಿಬ್ಬಂದಿ, ಬಜೆಟ್, ಕಡತಗಳ ಬಗೆ ಸೇರಿ 17 ಅಂಶಗಳನ್ನು ತಾನಾಗಿಯೇ ಪ್ರಕಟಿಸಬೇಕು. ಮೊದಲು ಅದನ್ನು ಓದಿ, ಅರ್ಜಿ ಆಮೇಲೆ ಬರೆಯಿರಿ.

ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ರಸ್ತೆ ಏಕೆ ಹಾಳಾಯಿತು?’ ಎಂದು ಕೇಳಿದರೆ ಪ್ರಯೋಜನವಿಲ್ಲ. ಕಾಯ್ದೆ ಕೊಡಿಸುವುದು ದಾಖಲೆಯನ್ನು, ಸಮಜಾಯಿಷಿಯನ್ನಲ್ಲ. ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲಿನ ನಕಲು ಎಂದು ಹೆಸರು ಹಿಡಿದು ಕೇಳಿ, ವರ್ಷ ನಮೂದಿಸಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆಗುತ್ತದೆ. ಬಿಪಿಎಲ್ ಕುಟುಂಬದವರು ಕಾರ್ಡಿನ ಜೆರಾಕ್ಸ್ ಲಗತ್ತಿಸಿದರೆ ಶುಲ್ಕವಿಲ್ಲ. ಸ್ವೀಕೃತಿ ಪಡೆಯದೆ ಕಚೇರಿ ಬಿಡಬೇಡಿ. ಮುಂದಿನ ದಿನಗಳ ಲೆಕ್ಕಕ್ಕೆಲ್ಲ ಅದೇ ಆಧಾರ.

ಈ ಭಾಗದಲ್ಲಿ ಅರ್ಜಿ ದಾರಿ ತಪ್ಪುವುದು ಹಳೇ ದಾಖಲೆಗಳಲ್ಲಿ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮುಂಚೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಗೆ, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು. ಹಾಗಾಗಿ ಜಿಲ್ಲಾ ಮಟ್ಟದ ಹಳೇ ಕಡತ ಅಲ್ಲಿರಬಹುದು. ‘ನಮ್ಮಲ್ಲಿಲ್ಲ’ ಎಂದು ಅರ್ಜಿ ವಾಪಸ್ ಕೊಡುವಂತಿಲ್ಲ: ಕಲಂ 6(3)ರಂತೆ 5 ದಿನದೊಳಗೆ ಸಂಬಂಧಪಟ್ಟ ಕಚೇರಿಗೆ ವರ್ಗಾಯಿಸಬೇಕು. ಈ ಕಲಮನ್ನು ಅರ್ಜಿಯಲ್ಲೇ ಬರೆದುಬಿಡಿ.

30 ದಿನದಲ್ಲಿ ಉತ್ತರ ಬರದಿದ್ದರೆ ನಕಲುಗಳನ್ನು ಉಚಿತವಾಗಿ ಕೊಡಬೇಕು. ನಂತರದ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ.