ಇಳಿಜಾರು ಸೈಟಲ್ಲಿ ಮನೆಯೇ? ರೂಮಿಗಿಂತ ಮೊದಲು ಮಣ್ಣಿನ ಲೆಕ್ಕ ಹಾಕಿ

ಮಲೆನಾಡಲ್ಲಿ ಸಪಾಟಾದ ಜಾಗ ಅಂತ ಇದ್ದರೆ ಅದು ಗದ್ದೆ, ಇಲ್ಲವೇ ಅಡಿಕೆ ತೋಟ. ಮನೆಗೆ ಉಳಿಯುವುದು ಗುಡ್ಡದ ಪಕ್ಕೆಯೇ. ಸಾಗರದ ಹತ್ತಿರ ನಾವು ತಗೊಂಡ 40×60 ಸೈಟೂ ಹಾಗೇ, ರಸ್ತೆಯಿಂದ ಹಿಂದಕ್ಕೆ ಇಳಿಯುತ್ತಾ ಹೋಗುತ್ತದೆ. ಪಕ್ಕದ ಸಪಾಟು ಸೈಟಿಗಿಂತ ರೇಟು ಕಡಿಮೆ ಅಂತ ಖುಷಿಪಟ್ಟಿದ್ದೆವು. ಉಳಿಸಿದ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಆಮೇಲೆ ಗೊತ್ತಾಯಿತು. ನೆಲದ ಕೆಳಗೆ.

ನಮ್ಮ ಮೊದಲ ತಪ್ಪು, ಎಷ್ಟು ರೂಮು, ದೇವರಮನೆ ಯಾವ ಕಡೆ ಅಂತ ಪ್ಲಾನಿಂದ ಶುರು ಮಾಡಿದ್ದು. ಪ್ಲಾನು ಮೇಲಿಂದ ನೋಡಿದ ಚಿತ್ರ, ಅದರಲ್ಲಿ ಇಳಿಜಾರು ಕಾಣುವುದೇ ಇಲ್ಲ. ಇಂಜಿನಿಯರ್ ಹತ್ತಿರ ಮೊದಲು ಸೆಕ್ಷನ್ ಕೇಳಿ, ಅಂದರೆ ಸೈಟನ್ನು ಕೇಕಿನ ಹಾಗೆ ಉದ್ದಕ್ಕೆ ಕೊಯ್ದರೆ ಪಕ್ಕದಿಂದ ಹೇಗೆ ಕಾಣುತ್ತದೆ ಅನ್ನುವ ಚಿತ್ರ. ಅದಿಲ್ಲದೆ ಪ್ಲಾನಿಗೆ ಹೂಂ ಅನ್ನಬೇಡಿ.

ಸೆಕ್ಷನ್‌ಗೆ ಬೇಕಾದ ಅಳತೆ ನೀವೇ ತೆಗೆಯಬಹುದು. ಮೇಸ್ತ್ರಿಗಳ ಹತ್ತಿರ ಇರುವ ಲೆವೆಲ್ ಪೈಪು ಸಾಕು, ನೀರು ತುಂಬಿದ ಪಾರದರ್ಶಕ ಪೈಪು ಅಷ್ಟೇ. ಒಬ್ಬರು ಮೇಲಿನ ಮೂಲೆಯಲ್ಲಿ, ಇನ್ನೊಬ್ಬರು ಕೆಳಗೆ ಕೋಲಿಗೆ ಪೈಪು ಹಿಡಿದು ನಿಲ್ಲಬೇಕು. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಹಾಗಾಗಿ ನೆಲದಿಂದ ನೀರಿನವರೆಗಿನ ಎತ್ತರವನ್ನು ಎರಡೂ ಕಡೆ ಅಳೆದು ಕಳೆದರೆ ಎಷ್ಟು ಇಳಿದಿದೆ ಅಂತ ಗೊತ್ತಾಯಿತು. ಪೈಪಲ್ಲಿ ಗಾಳಿ ಗುಳ್ಳೆ ಇದ್ದರೆ ಲೆಕ್ಕ ಕೆಡುತ್ತದೆ, ನೋಡಿಕೊಳ್ಳಿ. ಪ್ರತಿ 10 ಅಡಿಗೊಂದು ಕಡೆ ಅಳೆದು ಬರೆದಿಡಿ.

ಈಗ ಲೆಕ್ಕ. ಮನೆಯ ತಳ 30×40 ಅಡಿ, ಅಂದರೆ 12 ಚದರ (ಒಂದು ಚದರಕ್ಕೆ 100 ಚದರ ಅಡಿ). ಆ 40 ಅಡಿಯಲ್ಲಿ ನೆಲ 4 ಅಡಿ ಇಳಿದಿದೆ ಅಂತಿಟ್ಟುಕೊಳ್ಳಿ. ಕೆಳಗಿನ ಕಡೆ ಮಣ್ಣು ತುಂಬಿ ಎಲ್ಲವನ್ನೂ ಮೇಲಿನ ಮಟ್ಟಕ್ಕೆ ತಂದರೆ 2400 ಘನ ಅಡಿ ಮಣ್ಣು ಬೇಕು. ದಮ್ಮಸು ಮಾಡಿದಾಗ, ಅಂದರೆ ಗುದ್ದಿ ಗಟ್ಟಿ ಮಾಡಿದಾಗ ಮಣ್ಣು ಕುಗ್ಗುತ್ತದಲ್ಲ, ಅದಕ್ಕೆ ಇನ್ನೂ ಕಾಲು ಭಾಗ ಸೇರಿಸಿ. ಹತ್ತು ಹದಿನೈದು ಟಿಪ್ಪರ್ ಲೋಡು! ಅದರ ಬದಲು ಮೇಲಿನರ್ಧ ಕಡಿದು ಕೆಳಗಿನರ್ಧಕ್ಕೆ ತುಂಬಿದರೆ ಕಡಿಯುವುದು 600 ಘನ ಅಡಿ, ತುಂಬುವುದೂ ಅಷ್ಟೇ. ಹೊರಗಿನ ಮಣ್ಣು ಹೆಚ್ಚುಕಮ್ಮಿ ಬೇಕಾಗುವುದೇ ಇಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮನೆಯನ್ನೇ 20 ಅಡಿಯ ಎರಡು ಹಂತ ಮಾಡಿ, ಹಿಂದಿನ ಹಂತವನ್ನು 2 ಅಡಿ ಕೆಳಗಿಟ್ಟರೆ ಆ 600 ಕೂಡ 300ಕ್ಕೆ ಇಳಿಯುತ್ತದೆ. ಅದೇ ಜಾಗ, ಅದೇ 12 ಚದರ, ಮಣ್ಣು ಮಾತ್ರ ಎಂಟನೇ ಒಂದು ಭಾಗ. ಇದು ಗೊತ್ತಾದ ದಿನ ನಾವು ಹಳೇ ಪ್ಲಾನು ಹರಿದು ಹಾಕಿದೆವು.

ಎರಡು ಹಂತ ಅಂದ ಕೂಡಲೇ ಮನೆಯ ಹಿರಿಯರು ಮುಖ ಸಿಂಡರಿಸುತ್ತಾರೆ. ಅವರು ಹೇಳುವುದೂ ಸರಿಯೇ, ಮಂಡಿ ನೋವಿಗೆ ಮೆಟ್ಟಿಲು ಶತ್ರು. ಹಾಗಾಗಿ ಹಾಲ್, ಅಡುಗೆಮನೆ, ದೇವರಮನೆ, ಅಪ್ಪ ಅಮ್ಮನ ರೂಮು, ಒಂದು ಬಾತ್‌ರೂಮು ಇಷ್ಟೂ ರಸ್ತೆ ಮಟ್ಟದ ಹಂತದಲ್ಲೇ ಬರಲಿ. ನಮ್ಮ ರೂಮು, ಮಕ್ಕಳ ರೂಮು, ಬಚ್ಚಲು, ಸೌದೆ ಇಡುವ ಜಾಗ ಕೆಳಗೆ. 2 ಅಡಿಗೆ 6 ಇಂಚಿನ ನಾಲ್ಕು ಮೆಟ್ಟಿಲು, ಎಲ್ಲ ಒಂದೇ ಕಡೆ. ಅಲ್ಲೊಂದು ಇಲ್ಲೊಂದು ಅಂತ ಒಂಟಿ ಮೆಟ್ಟಿಲು ಇಡಬೇಡಿ, ಬಂದ ನೆಂಟರೆಲ್ಲ ಎಡವುತ್ತಾರೆ. ಸ್ಲ್ಯಾಬನ್ನು ಮಾತ್ರ ನಾವು ಒಂದೇ ಮಟ್ಟದಲ್ಲಿ ಹಾಕಿಸಿದೆವು. ಸೂರಲ್ಲಿ ಹೆಚ್ಚುಕಡಿಮೆ ಇದ್ದರೆ ಸೇರುವ ಕಡೆ ಸೋರುವ ಭಯ, ಖರ್ಚೂ ಜಾಸ್ತಿ. ಹಿಂದಿನ ರೂಮುಗಳು 12 ಅಡಿ ಎತ್ತರ ಆದವು, ಅಲ್ಲಿ ಅಟ್ಟ ಮಾಡಿಕೊಂಡೆವು.

ಇಳಿಜಾರು 40 ಅಡಿಗೆ 8 ಅಡಿ, 10 ಅಡಿ ಇದ್ದರೆ ಹಂತದ ಆಟ ಸಾಲದು. ಆಗ ತಗ್ಗಿನ ಕಡೆ ಕಂಬ ಎತ್ತಿ ಅಡಿಯಲ್ಲಿ ಒಂದು ಕೆಳಮನೆ ಮಾಡುವುದೇ ಲಾಭ, ಆದರೆ ಅಲ್ಲಿ ಬೆಡ್‌ರೂಮು ಬೇಡ. ಮಣ್ಣಿಗೆ ಒರಗಿದ ಗೋಡೆ ನಮ್ಮ ಕಡೆಯ ಮಳೆಗಾಲದಲ್ಲಿ ತಂಡಿ ಹಿಡಿಯದೇ ಇರುವುದಿಲ್ಲ. ಸ್ಕೂಟರು, ಅಡಿಕೆ ಸುಲಿಯುವ ಜಾಗ, ಸೌದೆ, ಅಷ್ಟಕ್ಕೆ ಇರಲಿ.

ಪಾಯದ ವಿಷಯದಲ್ಲಿ ಒಂದೇ ಮಾತು, ಅದು ಗಟ್ಟಿ ನೆಲ ಮುಟ್ಟಬೇಕು. ತುಂಬಿದ ಮಣ್ಣಿನ ಮೇಲೆ ಪಾಯ ಕೂರಿಸಿದರೆ ಎರಡನೇ ಮಳೆಗಾಲಕ್ಕೆ ಗೋಡೆ ಬಾಯಿ ಬಿಡುತ್ತದೆ. ಮಣ್ಣನ್ನು ಅರ್ಧ ಮುಕ್ಕಾಲು ಅಡಿಯಂತೆ ಹರಡಿ, ನೀರು ಹಾಕಿ, ಗುದ್ದಿ ಮತ್ತೆ ಹರಡಬೇಕು. ಒಂದೇ ಸಲ ಸುರಿದು ಜೆಸಿಬಿ ಮೇಲೆ ಓಡಾಡಿಸಿದರೆ ದಮ್ಮಸು ಆಗುವುದಿಲ್ಲ.

ಬಜೆಟ್ ಕೆಡುವುದು ಎಲ್ಲಿ ಗೊತ್ತಾ? ಕಾಂಟ್ರಾಕ್ಟರ್ ಚದರಕ್ಕೆ ಇಷ್ಟು ಅಂತ ರೇಟು ಹೇಳುತ್ತಾರೆ. ಆ ರೇಟಲ್ಲಿ ಪಾಯ ಎಷ್ಟು ಎತ್ತರದವರೆಗೆ ಅಂತ ನಾವು ಕೇಳಲಿಲ್ಲ. 3 ಅಡಿವರೆಗೆ ಮಾತ್ರ, ಮೇಲಿದ್ದದ್ದಕ್ಕೆ ಬೇರೆ ಅಂತ ಕೆಲಸ ಅರ್ಧ ಆದಮೇಲೆ ಹೇಳಿದರು. ಜಗಳ ಆಡಿ ಏನೂ ಪ್ರಯೋಜನ ಆಗಲಿಲ್ಲ, ಬರೆದುಕೊಂಡಿರಲಿಲ್ಲವಲ್ಲ. ಹಾಗಾಗಿ ಇಳಿಜಾರಲ್ಲಿ ಮೂರು ಲೆಕ್ಕ ಬೇರೆ ಬೇರೆ ಬರೆಸಿಕೊಳ್ಳಿ. ಮಣ್ಣು ಮತ್ತು ಪಾಯಕ್ಕೆ ಎಷ್ಟು, ತಡೆಗೋಡೆ ಮತ್ತು ಚರಂಡಿಗೆ ಎಷ್ಟು, ಪಾಯದ ಮೇಲಿನ ಮನೆಗೆ ಎಷ್ಟು. ಮೊದಲ ಎರಡಕ್ಕೆ ಕೈಯಲ್ಲಿ ದುಡ್ಡು ಇಟ್ಟುಕೊಂಡೇ ಶುರು ಮಾಡಿ. ಟೈಲ್ಸು, ಪೇಂಟು, ಒಳಗಿನ ಕಪಾಟು ಇವನ್ನೆಲ್ಲ ಎರಡು ವರ್ಷ ಬಿಟ್ಟು ಮಾಡಿಸಿದರೂ ಮನೆ ಬೀಳುವುದಿಲ್ಲ.

ತಡೆಗೋಡೆ ಬೀಳುವುದು ಹೆಚ್ಚಾಗಿ ಮಣ್ಣಿನ ಭಾರಕ್ಕಲ್ಲ, ಹಿಂದೆ ನಿಂತ ನೀರಿನ ಒತ್ತಡಕ್ಕೆ. ಸಿಮೆಂಟ್ ಹಾಕಿ ಕಟ್ಟಿದರೆ ಗೋಡೆಯಲ್ಲಿ ನಾಲ್ಕೈದು ಅಡಿಗೊಂದು 3 ಇಂಚಿನ ಪೈಪು ಬಿಡಿ, ಹಿಂಬದಿಗೆ ಜಲ್ಲಿ ತುಂಬಿಸಿ. ಎತ್ತರ ಎರಡು ಪಟ್ಟಾದರೆ ದಪ್ಪವೂ ಹೆಚ್ಚಬೇಕು, ಹಾಗಾಗಿ ಕಲ್ಲು ಮೂರು ನಾಲ್ಕು ಪಟ್ಟು ಹಿಡಿಯುತ್ತದೆ. ಜಾಗ ಇದ್ದರೆ 6 ಅಡಿಯ ಒಂದು ಗೋಡೆ ಬದಲು 3 ಅಡಿಯ ಎರಡು ಕಟ್ಟಿ, ನಡುವೆ ಆರಡಿ ಬಿಟ್ಟು ದಾಸವಾಳ, ಕರಿಬೇವು ನೆಡಿ. 5 ಅಡಿ ದಾಟಿದರೆ ಮಾತ್ರ ಮೇಸ್ತ್ರಿ ಮಾತು ಸಾಲದು, ಇಂಜಿನಿಯರ್ ಡಿಸೈನ್ ಮಾಡಲಿ.

ನಿಮ್ಮ ಸೈಟು ರಸ್ತೆಗಿಂತ ಮೇಲಿದ್ದರೆ ಕಥೆ ಉಲ್ಟಾ. ಆಗ ಮನೆ ಹಿಂದೆ ಧರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ ಬರುತ್ತದೆ. ಜಾಗ ಸಿಗಲಿ ಅಂತ ಅದನ್ನು ನೆಟ್ಟಗೆ ಕಡಿಸುವವರೇ ಜಾಸ್ತಿ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿದ್ದನ್ನು ನೋಡಿದ್ದೇವಲ್ಲ. ಧರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರ ಬಿಟ್ಟು ಮನೆಯ ಗೋಡೆ ಬರಲಿ, ಧರೆ ಒರಗಿದಂತಿರಲಿ, ಅದರ ತಲೆಯ ಮೇಲೊಂದು ಚರಂಡಿ ಹೊಡೆಸಿ ನೀರನ್ನು ಪಕ್ಕಕ್ಕೆ ತಿರುಗಿಸಿ. ಕಾರಿನ ಆಸೆ ಇದ್ದವರಿಗೆ ಇನ್ನೊಂದು ಲೆಕ್ಕ: 8 ಅಡಿಗೆ 1 ಅಡಿ ಏರಿದರೆ ಗಾಡಿ ಆರಾಮಾಗಿ ಹತ್ತುತ್ತದೆ. 4 ಅಡಿ ಏರಲು 32 ಅಡಿ ರ‍್ಯಾಂಪ್ ಬೇಕು, ಸೈಟಿನ ಅರ್ಧ ಅಲ್ಲೇ ಮುಗಿಯಿತು. ಮೇಲಾಗಲಿ ಕೆಳಗಾಗಲಿ, ಕಾರನ್ನು ರಸ್ತೆ ಮಟ್ಟದಲ್ಲೇ ನಿಲ್ಲಿಸಿ.

ಕೊಳಚೆ ಗುಂಡಿ ತಗ್ಗಿನ ಕಡೆ ಇದ್ದರೆ ನೀರು ತಾನಾಗೇ ಹೋಗುತ್ತದೆ. ಆದರೆ ನಿಮ್ಮ ಬಾವಿ ಒಂದನ್ನೇ ನೋಡಬೇಡಿ, ಕೆಳಗಿನ ಮನೆಯವರ ಬಾವಿ ಎಲ್ಲಿದೆ ಅಂತಲೂ ನೋಡಿ.

ವಾಸ್ತು ಬಗ್ಗೆ ಹೇಳದಿದ್ದರೆ ಬೈತೀರಿ. ಈಶಾನ್ಯ ತಗ್ಗು, ನೈಋತ್ಯ ಎತ್ತರ ಇರಬೇಕು ಅಂತಾರೆ, ನಮ್ಮ ಸೈಟು ಸರಿಯಾಗಿ ಅದಕ್ಕೆ ವಿರುದ್ಧ. ಒಬ್ಬರು ಮಣ್ಣು ತುಂಬಿ ಇಳಿಜಾರನ್ನೇ ತಿರುಗಿಸಿ ಅಂದರು. ಮಳೆ ನೀರು ಅವರ ಮಾತು ಕೇಳುತ್ತದಾ? ಬಾಗಿಲು, ಒಲೆ, ದೇವರಮನೆ ದಿಕ್ಕು ನೋಡಿ ಇಟ್ಟೆವು, ನೆಲವನ್ನು ಅದರ ಪಾಡಿಗೆ ಬಿಟ್ಟೆವು.

ಮಣ್ಣಿನ ಕೆಲಸ ದೀಪಾವಳಿ ಕಳೆದ ಮೇಲೆ ಶುರು ಮಾಡಿ, ತಡೆಗೋಡೆ ಮತ್ತು ಪಾಯ ಏಪ್ರಿಲ್ ಒಳಗೆ ಮುಗಿಸಿ. ಮೇ ತಿಂಗಳಲ್ಲಿ ಜೆಸಿಬಿ ಕರೆಸಿದರೆ ಕಡಿದ ಧರೆ ಹಸಿಯಾಗಿರುವಾಗಲೇ ಮಳೆ ಹಿಡಿಯುತ್ತದೆ. ಅಂಗಳಕ್ಕೆ ಇಂಟರ್‌ಲಾಕ್ ಮಾತ್ರ ಒಂದು ಮಳೆಗಾಲ ಬಿಟ್ಟು ಹಾಕಿಸಿ. ನಾವು ಗೃಹಪ್ರವೇಶಕ್ಕೆ ಚೆಂದ ಕಾಣಲಿ ಅಂತ ಅವಸರ ಮಾಡಿ ಹಾಕಿಸಿದೆವು. ಆಗಸ್ಟ್ ಹೊತ್ತಿಗೆ ಒಂದು ಮೂಲೆ ಬಾಣಲೆ ಹಾಗೆ ತಗ್ಗಿ ನೀರು ನಿಂತಿತ್ತು, ಅಷ್ಟನ್ನೂ ಕಿತ್ತು ಮತ್ತೆ ಮಣ್ಣು ಗುದ್ದಿ ಹಾಕಿಸಬೇಕಾಯಿತು.