ಅವ್ವನ ಮಂಚದ ಕೆಳಗಿನ ಹಗೇವು: ಮನೆಯ ರೇಡಾನ್ ಅಳೆದು ತಗ್ಗಿಸಿದ ನನ್ನ ಅನುಭವ

ಕಳೆದ ಡಿಸೆಂಬರ್‌ನಲ್ಲಿ ತಮ್ಮ ಅಮೆರಿಕದಿಂದ ಬಂದಾಗ ಅಂಗೈಯಗಲದ ಒಂದು ಮೀಟರ್ ತಂದಿದ್ದ. ರೇಡಾನ್ ಎಂಬ ವಿಕಿರಣಶೀಲ ಅನಿಲ ಅಳೆಯುವ ಮೀಟರ್. ಅಲ್ಲಿ ಮನೆ ಕೊಳ್ಳುವ ಮುಂಚೆ ಈ ಪರೀಕ್ಷೆ ಮಾಡಿಸುವುದು ಮಾಮೂಲಂತೆ. "ನಾವು ಬಂಡೆ ಮ್ಯಾಲೆ ಕುಂತೀವಿ, ನಮ್ಮ ಮನಿನೂ ಒಮ್ಮೆ ನೋಡೂಣು ತಡಿ" ಅಂದ.

ನಮ್ಮೂರು ಗಂಗಾವತಿ ಹತ್ತಿರ. ರಾಮನಗರದ ಕಡೆಯಿಂದ ಹಂಪಿ, ಆನೆಗೊಂದಿವರೆಗೂ ಹಬ್ಬಿರುವ ಕ್ಲೋಸ್‌ಪೇಟೆ ಗ್ರಾನೈಟ್ ನಮ್ಮ ಕಾಲಡಿಯಲ್ಲೇ ಇದೆ. ಎಲ್ಲ ಕಲ್ಲು ಮಣ್ಣಿನಲ್ಲೂ ಒಂದಿಷ್ಟು ಯುರೇನಿಯಂ ಇರುತ್ತದೆ. ಗ್ರಾನೈಟ್‌ನಲ್ಲಿ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ. ಅದು ಬಹಳ ನಿಧಾನವಾಗಿ ಕ್ಷಯಿಸಿ ರೇಡಿಯಂ ಆಗುತ್ತದೆ, ರೇಡಿಯಂನಿಂದ ರೇಡಾನ್ ಅನಿಲ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಬಯಲಲ್ಲಿ ಚದುರಿ ಹೋಗುತ್ತದೆ, ಮುಚ್ಚಿದ ಮನೆಯಲ್ಲಿ ಕೂಡಿಕೊಳ್ಳುತ್ತದೆ. ಅದು ಒಡೆದಾಗ ಹುಟ್ಟುವ ಪೊಲೋನಿಯಂ ಉಸಿರಿನ ಜೊತೆ ಒಳಗೆ ಹೋಗಿ ಶ್ವಾಸಕೋಶಕ್ಕೆ ಅಂಟಿ ವಿಕಿರಣ ಬಿಡುತ್ತದೆ. ಶ್ವಾಸಕೋಶದ ಕ್ಯಾನ್ಸರ್‌ಗೆ ಧೂಮಪಾನದ ನಂತರದ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಇದನ್ನು ಅಳೆಯುವ ಮಾನ ಬೆಕೆರೆಲ್: ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕೆರೆಲ್. ಒಂದು ಘನ ಮೀಟರ್ ಗಾಳಿಯಲ್ಲಿ 100 ಬೆಕೆರೆಲ್‌ಗಿಂತ ಕಡಿಮೆ ಇರಲಿ, ಅದು ಆಗದಿದ್ದರೂ 300 ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಮೀಟರನ್ನು ಎಲ್ಲೆಂದರಲ್ಲಿ ಇಡುವ ಹಾಗಿಲ್ಲ. ಗೋಡೆಯಿಂದ ಅರ್ಧ ಮೀಟರ್ ದೂರ, ನಾವು ಉಸಿರಾಡುವ ಎತ್ತರದಲ್ಲಿ ಇರಬೇಕು. ಕಿಟಕಿ, ಫ್ಯಾನ್ ಹತ್ತಿರ ಬೇಡ. ಅಡುಗೆಮನೆ, ಬಚ್ಚಲು ಬೇಡವೇ ಬೇಡ. ಮೊದಲ ದಿನದ ಅಂಕಿ ನಂಬಬಾರದು. ಆಮೇಲೂ ಗಂಟೆಗೊಂದು ಅಂಕಿ ತೋರಿಸುತ್ತದೆ, ನಸುಕಿನಲ್ಲಿ ಏರುತ್ತದೆ, ಮಧ್ಯಾಹ್ನ ಇಳಿಯುತ್ತದೆ. ಅದಕ್ಕೇ ನಾನು ಒಂದು ವಾರದ ಸರಾಸರಿಯನ್ನಷ್ಟೇ ಬರೆದುಕೊಂಡೆ.

ಪಡಸಾಲೆಯಲ್ಲಿ 150 ಬಂತು. ಅವ್ವ ಮಲಗುವ ಕೋಣೆಯಲ್ಲಿ 340. ಆ ಅಂಕಿ ನೋಡಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಮೂವತ್ತು ವರ್ಷದಿಂದ ಅವ್ವ ಮಲಗುವುದು ಅದೇ ಕೋಣೆಯಲ್ಲಿ.

ಮೊದಲು ನಾನು ನೆಲದ ಗ್ರಾನೈಟ್ ಮೇಲೆ ಅನುಮಾನಪಟ್ಟೆ. ಪಾಲಿಶ್ ಕಲ್ಲನ್ನೆಲ್ಲ ಕೀಳಿಸಬೇಕೇನೋ ಅಂದುಕೊಂಡೆ. ಆದರೆ ಅದೇ ಕಲ್ಲು ಪಡಸಾಲೆಯಲ್ಲೂ ಇದೆ. ಅಲ್ಲಿ ಅರ್ಧಕ್ಕಿಂತ ಕಡಿಮೆ ಇರುವಾಗ ತಪ್ಪು ಹಾಸುಗಲ್ಲಿನದಲ್ಲ ಅಲ್ವಾ? ಹಾಸುಗಲ್ಲಿನಿಂದ ಬರುವುದು ಸಾಮಾನ್ಯವಾಗಿ ಅತ್ಯಲ್ಪ. ಬಹುಪಾಲು ಬರುವುದು ಮನೆ ಕೆಳಗಿನ ನೆಲದಿಂದ, ಸಂದಿ ಬಿರುಕುಗಳ ಮೂಲಕ.

ನಾನು ಮಾಡಿದ ಎರಡನೆಯ ತಪ್ಪು ಬೆಳಕಿಂಡಿಯ ವಿಷಯದಲ್ಲಿ. ನಮ್ಮದು ಹಳೆಯ ಮಾಳಿಗೆ ಮನೆ. ಬೆಳಕಿಂಡಿ ತೆರೆದಿಟ್ಟರೆ ಅನಿಲ ಮೇಲೆ ಹೋಗುತ್ತದೆ ಅಂತ ವಾರವಿಡೀ ತೆರೆದಿಟ್ಟೆ. ಅಂಕಿ ಇಳಿಯಲೇ ಇಲ್ಲ. ಕಾರಣ ಆಮೇಲೆ ತಿಳಿಯಿತು. ಚಳಿಗಾಲದ ರಾತ್ರಿ ಮನೆಯೊಳಗಿನ ಬೆಚ್ಚಗಿನ ಗಾಳಿ ಮೇಲಿನಿಂದ ಹೊರಗೆ ಹೋದಷ್ಟೂ, ಅದರ ಜಾಗಕ್ಕೆ ಕೆಳಗಿನಿಂದ ಗಾಳಿ ಎಳೆದುಕೊಳ್ಳುತ್ತದೆ. ಕಿಟಕಿ ಮುಚ್ಚಿದ್ದರೆ ಆ ಗಾಳಿಯಲ್ಲಿ ಒಂದಿಷ್ಟು ನೆಲದೊಳಗಿಂದಲೂ ಬರುತ್ತದೆ. ಅಡುಗೆಮನೆಯ ಎಗ್ಸಾಸ್ಟ್ ಫ್ಯಾನೂ ಮಾಡುವುದು ಇದನ್ನೇ. ಕೆಳಗಿನ ಕಿಟಕಿ ತೆರೆದಾಗ ಎರಡು ಗಂಟೆಯಲ್ಲಿ 110ಕ್ಕೆ ಇಳಿಯಿತು. ಆದರೆ ಅವ್ವ, "ಸೊಳ್ಳಿ ಕಡೀತಾವಪ್ಪಾ, ಕಿಟಕಿ ಹಾಕು" ಅಂದರು. ಹಾಕಿದೆವು. ಬೆಳಗಾಗುವಷ್ಟರಲ್ಲಿ ಮತ್ತೆ 300. ಬೇಸಿಗೆಯಲ್ಲಿ ಎಸಿ ಹಾಕಿ ಕದ ಮುಚ್ಚಿದರೂ ಇದೇ ಕಥೆ. ಮನೆಗಳ ಎಸಿ ಒಳಗಿನ ಗಾಳಿಯನ್ನೇ ಸುತ್ತಿಸುತ್ತದೆ.

ಹಾಗಾದರೆ ಎಲ್ಲಿಂದ ಬರುತ್ತಿದೆ? ಕಿಟಕಿ ಮುಚ್ಚಿ, ಎಗ್ಸಾಸ್ಟ್ ಹಾಕಿ, ಊದಿನಕಡ್ಡಿ ಹಚ್ಚಿಕೊಂಡು ನೆಲದ ಮೇಲೆ ಮೊಣಕಾಲೂರಿ ಸಂದಿ ಸಂದಿ ಹುಡುಕಿದೆ. ಮಂಚ ಸರಿಸಿದ ಜಾಗದಲ್ಲಿ, ಎರಡು ಕಲ್ಲು ಸೇರುವ ಕಡೆ, ನೆಟ್ಟಗೆ ಏಳುತ್ತಿದ್ದ ಹೊಗೆಯ ಎಳೆ ಪಟ್ಟನೆ ಪಕ್ಕಕ್ಕೆ ಬಾಗಿತು. ಯಾರೋ ಕೆಳಗಿನಿಂದ ಮೆಲ್ಲಗೆ ಊದಿದ ಹಾಗೆ. ಬಾಗಿಲಲ್ಲಿ ನಿಂತಿದ್ದ ಅವ್ವ ಅಂದರು: "ಅಲ್ಲೇ ಅಲ್ಲೇನೋ ಹಗೇವು ಇದ್ದದ್ದು, ಮರ್ತಿ ಏನು?"

ಮರೆತೇ ಹೋಗಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ಭತ್ತ ಹಚ್ಚಿದ ಮೇಲೆ ನಮ್ಮಲ್ಲಿ ಹಗೇವು, ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ, ಬೇಕಾಗಲಿಲ್ಲ. ಅಪ್ಪ ಅದರ ಬಾಯಿಗೆ ಚಪ್ಪಡಿ ಎಳೆದು, ಮೇಲೆ ನೆಲ ಹಾಸಿಸಿದ್ದರು. ಒಳಗೆ ಆಳುದ್ದದ ಪೊಳ್ಳು ಹಾಗೆಯೇ ಇತ್ತು. ಸುತ್ತಲಿನ ಮಣ್ಣು, ಕಲ್ಲಿನಿಂದ ರೇಡಾನ್ ಬಂದು ಅಲ್ಲಿ ತುಂಬಿಕೊಂಡು, ಸಂದಿಯಿಂದ ಕೋಣೆಗೆ ಏರುತ್ತಿತ್ತು.

ಕಲ್ಲು ಎತ್ತಿಸುವಾಗ ಗೌಂಡಿಯನ್ನು ಒಳಗೆ ಇಳಿಯಲು ನಾನು ಬಿಡಲಿಲ್ಲ. ಹಗೇವಿನ ಕೆಟ್ಟ ಗಾಳಿಗೆ ಜೀವ ಹೋದ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಬಕೆಟ್‌ನಲ್ಲಿ ಹಣತೆ ಇಟ್ಟು ಹಗ್ಗ ಕಟ್ಟಿ ಇಳಿಸಿದೆವು. ಎರಡು ಮೊಳ ಇಳಿಯುವಷ್ಟರಲ್ಲಿ ದೀಪ ಸಣ್ಣಗಾಗಿ, ನೀಲಿಯಾಗಿ, ಆರಿಹೋಯಿತು. ದೀಪ ತೋರಿಸುವುದು ಆಮ್ಲಜನಕ ಕಡಿಮೆ ಇರುವುದನ್ನು ಮಾತ್ರ. ರೇಡಾನ್ ಇದೆಯೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ.

ಹಗೇವನ್ನು ತುಂಬಿಸಿ ಮುಚ್ಚಿಬಿಡಿ ಅಂತ ಗೌಂಡಿ ಹೇಳಿದ. ನಾನು ಬೇಡ ಅಂದೆ. ಹೊರದೇಶಗಳಲ್ಲಿ ನೆಲ ಕೊರೆದು ಒಂದು ಸಣ್ಣ ಗುಂಡಿ ಮಾಡಿ, ಅಲ್ಲಿಂದ ಪೈಪ್ ಏರಿಸಿ ಫ್ಯಾನ್‌ನಿಂದ ಅನಿಲ ಎಳೆಯುತ್ತಾರೆ. ನಮಗೆ ಗುಂಡಿ ಅಜ್ಜನೇ ತೋಡಿಟ್ಟಿದ್ದ. ಚಪ್ಪಡಿಯಲ್ಲಿ ತೂತು ಕೊರೆಸಿ ನಾಲ್ಕು ಇಂಚಿನ ಪಿವಿಸಿ ಪೈಪ್ ಇಳಿಸಿದೆವು. ಗೋಡೆ ದಾಟಿಸಿ ಹೊರಗಿನಿಂದ ಮಾಳಿಗೆಯ ಮೇಲೆ ಆಳೆತ್ತರಕ್ಕೆ ಒಯ್ದೆವು. ಬೆಳಕಿಂಡಿಯಿಂದ ಆದಷ್ಟು ದೂರಕ್ಕೆ. ಚಪ್ಪಡಿ ಸುತ್ತ, ಪೈಪ್ ಸುತ್ತ, ಗೋಡೆ ನೆಲ ಸೇರುವ ಮೂಲೆಗಳಿಗೆಲ್ಲ ಸೀಲಂಟ್ ತುಂಬಿದೆವು.

ಫ್ಯಾನ್ ಇಲ್ಲದೆ ಬರೀ ಪೈಪ್ ಮತ್ತು ಸೀಲಂಟ್‌ಗೆ 190ಕ್ಕೆ ಬಂತು. ಆಮೇಲೆ ಮಾಳಿಗೆ ಮೇಲೆ ಪೈಪಿನ ನಡುವೆ ಸಣ್ಣ ಡಕ್ಟ್ ಫ್ಯಾನ್ ಕೂರಿಸಿದೆ. ಮನೆಯೊಳಗೆ ಕೂರಿಸಬಾರದು. ಫ್ಯಾನ್ ದಾಟಿದ ಮೇಲಿನ ಪೈಪ್ ಎಲ್ಲಾದರೂ ಸೋರಿದರೆ ಅನಿಲವನ್ನು ನಾವೇ ಒಳಗೆ ತಳ್ಳಿದ ಹಾಗೆ. ಕರೆಂಟ್ ಹೋದರೂ ನಿಲ್ಲದಿರಲಿ ಅಂತ ಇನ್ವರ್ಟರ್‌ಗೆ ಜೋಡಿಸಿದ್ದೇನೆ. ಎಲ್ಲ ಸೇರಿ ಸುಮಾರು 9,000 ರೂಪಾಯಿ ಆಯಿತು.

ಮತ್ತೆ ಅಳೆಯುವಾಗ ಕಿಟಕಿಗಳನ್ನು ಮೊದಲಿನಂತೆಯೇ ಮುಚ್ಚಿಟ್ಟೆ. ಇಲ್ಲದಿದ್ದರೆ ಇಳಿದದ್ದು ಫ್ಯಾನ್‌ನಿಂದಲೋ ಕಿಟಕಿಯಿಂದಲೋ ಗೊತ್ತಾಗುವುದಿಲ್ಲ. ವಾರದ ಸರಾಸರಿ 55 ಬಂತು.

ಕಾಕಾಗೆ ಒಂದು ಮಾತು ಹೇಳಬೇಕಿತ್ತು. ಸಂಜೆ ಅವ್ವನ ಕೋಣೆಯಲ್ಲಿ ಕೂತು ಬೀಡಿ ಸೇದುತ್ತಿದ್ದರು. ಸೇದುವವರಿಗೆ ರೇಡಾನ್‌ನಿಂದ ಬರುವ ಅಪಾಯ ಸೇದದವರಿಗಿಂತ ಸುಮಾರು 25 ಪಟ್ಟು. ಈಗ ಹೊರಗೆ ಕಟ್ಟೆಯ ಮೇಲೆ ಕೂರುತ್ತಾರೆ. ಬೀಡಿ ಇನ್ನೂ ಬಿಟ್ಟಿಲ್ಲ, ನಾನು ಕೇಳುವುದನ್ನೂ ಬಿಟ್ಟಿಲ್ಲ.

ಮೀಟರ್ ಸದ್ಯ ಕೊಪ್ಪಳದಲ್ಲಿ ಅಕ್ಕನ ಮನೆಯಲ್ಲಿದೆ. ಹೊಸ ಮನೆ, ಹಗೇವು ಇಲ್ಲ. ಮೊದಲ ವಾರ 70 ತೋರಿಸಿದೆ. ಡಿಸೆಂಬರ್ ಹೊತ್ತಿಗೆ ವಾಪಸ್ ತಂದು ಅವ್ವನ ಕೋಣೆಯಲ್ಲಿ ಮತ್ತೊಮ್ಮೆ ಇಡುತ್ತೇನೆ.